ವೃತ್ತಿಪರರ ಸಂಘದಲ್ಲಿ ಸೇವಾ ನಾಯಕತ್ವ: ಎಲ್ಲ ಕೆಲಸವನ್ನೂ ಪದಾಧಿಕಾರಿಗಳೇ ಹೊರಬೇಕೇ?

ಹೊಸ ಕಾರ್ಯದರ್ಶಿ:

ಬೆಂಗಳೂರಿನ ಸಿವಿಲ್ ಎಂಜಿನಿಯರುಗಳ ಒಂದು ನೋಂದಾಯಿತ ಸಂಘಕ್ಕೆ ಈ ಸಲ ಗೌರವ ಕಾರ್ಯದರ್ಶಿಯಾಗಿ ಆಯ್ಕೆಯಾಗಿದ್ದೇನೆ. ಸದಸ್ಯರು 600ರ ಆಸುಪಾಸು, ಅರ್ಧದಷ್ಟು ಆಜೀವ ಸದಸ್ಯರು. ಕಾರ್ಯಕಾರಿ ಸಮಿತಿಯಲ್ಲಿ 12 ಜನರಿದ್ದರೂ ಕೆಲಸವೆಲ್ಲ ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ ಈ ಮೂವರ ತಲೆಯ ಮೇಲೆ. ವರ್ಷವರ್ಷ ಸದಸ್ಯತ್ವ ನವೀಕರಿಸುವವರು ಕಡಿಮೆಯಾಗುತ್ತಿದ್ದಾರೆ, 35ರ ಒಳಗಿನವರು ಬರುವುದೇ ಅಪರೂಪ. ನಮ್ಮ ಅಧ್ಯಕ್ಷರಿಗೆ ಸೇವಾ ನಾಯಕತ್ವದಲ್ಲಿ, ಅಂದರೆ ನಾಯಕನಾದವನು ಮೊದಲು ಸೇವಕನಾಗಿರಬೇಕು ಎಂಬ ವಿಚಾರದಲ್ಲಿ, ನಿಜವಾದ ನಂಬಿಕೆಯಿದೆ. ಸಭಾಂಗಣದಲ್ಲಿ ಕುರ್ಚಿ ಹಾಕಿಸುವುದರಿಂದ ಹಿಡಿದು ಸದಸ್ಯರ ಮನೆಗೆ ರಸೀದಿ ಮುಟ್ಟಿಸುವವರೆಗೆ ತಾವೇ ನಿಂತು ಮಾಡುತ್ತಾರೆ. ಆದರೂ ಸಂಘ ಚುರುಕಾಗುತ್ತಿಲ್ಲ. ಸೇವಾ ನಾಯಕತ್ವವನ್ನು ದಿನನಿತ್ಯದ ಕೆಲಸದಲ್ಲಿ ತರುವುದು ಹೇಗೆ? ಮೊದಲು ಎಲ್ಲಿ ಕೈ ಹಾಕಬೇಕು?

ಬಸವನಗುಡಿ ವಾಸಿ:

ಅಧ್ಯಕ್ಷರ ಮನಸ್ಸು ದೊಡ್ಡದು, ಆದರೆ ಅವರು ಮಾಡುತ್ತಿರುವುದರಿಂದ ಸದಸ್ಯರು ಬರೀ ಅತಿಥಿಗಳಾಗಿ ಉಳಿಯುತ್ತಾರೆ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯಲ್ಲಿ ದಶಕಗಳ ಕಾಲ ದುಡಿದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಈ ವಿಚಾರವನ್ನು ಮುಂದಿಟ್ಟಾಗಲೇ ಅದಕ್ಕೊಂದು ಪರೀಕ್ಷೆಯನ್ನೂ ಇಟ್ಟಿದ್ದರು: ಸೇವೆ ಪಡೆದವರು ಬೆಳೆದರೇ, ತಾವೂ ಸೇವೆಗೆ ನಿಲ್ಲುವಂತಾದರೇ? ಹಾಗಾಗಿ ವರ್ಷದ ಕೊನೆಗೆ ನೀವು ಎಷ್ಟು ಕಾರ್ಯಕ್ರಮ ಮಾಡಿದಿರಿ ಎಂದು ಎಣಿಸಬೇಡಿ. ಹಿಂದೆಂದೂ ಜವಾಬ್ದಾರಿ ಹೊರದ ಎಷ್ಟು ಸದಸ್ಯರು ಒಂದು ಕೆಲಸವನ್ನು ಪೂರ್ತಿ ಮುಗಿಸಿದರು ಎಂದು ಎಣಿಸಿ.

ಶುರು ಮಾಡಬೇಕಾದದ್ದು ಕೇಳುವುದರಿಂದ. ಆನ್‌ಲೈನ್ ಫಾರ್ಮ್ ಕಳಿಸಿದರೆ ಉತ್ತರ ಬರುವುದು ಹೇಗೂ ಸಭೆಗೆ ಬರುವವರಿಂದಲೇ. ದೂರ ಸರಿದವರು ಅದನ್ನು ತೆರೆಯುವುದೂ ಇಲ್ಲ. ಫೋನ್ ಮಾಡಿ. ಸಮಿತಿಯ 12 ಜನ ತಲಾ ಐದು ಕರೆ ಮಾಡಿದರೆ ತಿಂಗಳಲ್ಲಿ 60 ಸದಸ್ಯರ ಮಾತು ಕೈಗೆ ಬರುತ್ತದೆ. ಆ 60ರಲ್ಲಿ 20 ಜನ ನವೀಕರಣ ನಿಲ್ಲಿಸಿದವರಿರಲಿ, 20 ಜನ ಕಳೆದ ಎರಡು ವರ್ಷಗಳಲ್ಲಿ ಸೇರಿದವರು, ಉಳಿದವರು ಶುಲ್ಕ ಕಟ್ಟಿಯೂ ಬಾರದವರು.

‘ಸಂಘದಿಂದ ಏನು ಬೇಕು?’ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ‘ಇನ್ನಷ್ಟು ಕಾರ್ಯಕ್ರಮ ಮಾಡಿ’ ಎನ್ನುತ್ತಾರೆ, ಮಾಡಿದರೆ ಬರುವುದಿಲ್ಲ. ಕೇಳಬೇಕಾದ್ದು ಮೂರು. ಕಳೆದ ಆರು ತಿಂಗಳಲ್ಲಿ ಕೆಲಸದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಆಗ ಯಾರನ್ನು ವಿಚಾರಿಸಿದಿರಿ? ನಿಮಗೆ ಚೆನ್ನಾಗಿ ಗೊತ್ತಿರುವ ಯಾವುದನ್ನು ಇನ್ನೊಬ್ಬರಿಗೆ ಹೇಳಿಕೊಡಬಲ್ಲಿರಿ? ಮೂರನೆಯದು ಬಹಳ ಮುಖ್ಯ, ಏಕೆಂದರೆ ಮುಂದಿನ ಉಪನ್ಯಾಸಕರು, ಮಾರ್ಗದರ್ಶಕರು ಸಿಗುವುದು ಅಲ್ಲೇ. ಬಂದ ಉತ್ತರಗಳಲ್ಲಿ ಎರಡನ್ನಷ್ಟೇ ಈ ವರ್ಷಕ್ಕೆ ಎತ್ತಿಕೊಳ್ಳಿ. ಆಯ್ದದ್ದೇನು, ಬಿಟ್ಟದ್ದೇನು, ಏಕೆ ಎಂದು ಮಾತನಾಡಿದ ಎಲ್ಲರಿಗೂ 15 ದಿನದೊಳಗೆ ತಿಳಿಸಿ. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು. ಎರಡನೇ ಸಲ ಯಾರೂ ಬಾಯಿ ಬಿಡುವುದಿಲ್ಲ.

ಯಲಹಂಕ ಎಂಜಿನಿಯರ್:

ಕೇಳಿದ ಮೇಲೆ ಕೆಲಸ ಹಂಚುವುದು. ಹೆಚ್ಚಿನ ಸಂಘಗಳು ಎಡವುವುದು ಇಲ್ಲಿ. ‘ಉಪಸಮಿತಿಗೆ ಬನ್ನಿ’ ಎಂದರೆ ದುಡಿಯುವ ವಯಸ್ಸಿನವರು ಹಿಂಜರಿಯುತ್ತಾರೆ, ಅದಕ್ಕೆ ಕೊನೆಯಿಲ್ಲವೆಂದು ಅವರಿಗೆ ಗೊತ್ತು. ಕೆಲಸವನ್ನು ತುಂಡು ಮಾಡಿ, ಶುರುವಿನ ದಿನ, ಮುಗಿಯುವ ದಿನ ಹಾಕಿ ಕೊಡಿ. ‘ನವೆಂಬರ್‌ನ ಉಪನ್ಯಾಸಕ್ಕೆ ಭಾಷಣಕಾರರನ್ನು ಗೊತ್ತುಮಾಡಿ, ಅವರೊಂದಿಗೆ ಎರಡು ಸಲ ಮಾತನಾಡಿ, ಆ ದಿನ ನಿರೂಪಣೆ ಮಾಡಿ. ಒಟ್ಟು ಆರು ಗಂಟೆ’ ಎಂದರೆ ಒಪ್ಪುವವರು ಇದ್ದಾರೆ.

ಪ್ರತಿ ಕೆಲಸಕ್ಕೂ ಒಂದು ಪುಟದ ಟಿಪ್ಪಣಿ ಇರಲಿ: ಏನು ಮಾಡಬೇಕು, ಅನುಮಾನ ಬಂದರೆ ಯಾರನ್ನು ಕೇಳಬೇಕು, ಯಾವಾಗ ಮುಗಿಯಿತೆನ್ನಬಹುದು, ಎಷ್ಟು ಹಣ ಕೇಳದೆ ಖರ್ಚು ಮಾಡಬಹುದು. ಕೊನೆಯದನ್ನು ಬರೆಯಲು ಸಮಿತಿಗಳು ಹೆದರುತ್ತವೆ. ₹5,000ದವರೆಗೆ ಬಿಲ್ ಕೊಟ್ಟರೆ ಸಾಕು ಎಂದು ಸಮಿತಿಯಲ್ಲಿ ಒಮ್ಮೆ ನಿರ್ಣಯ ಮಾಡಿಬಿಡಿ. ಕಾಫಿ, ಬ್ಯಾನರ್‌ಗೂ ಖಜಾಂಚಿಗೆ ಫೋನ್ ಮಾಡಬೇಕಾದರೆ ಕೊಟ್ಟದ್ದು ಜವಾಬ್ದಾರಿಯೂ ಅಲ್ಲ, ಅಧಿಕಾರವೂ ಅಲ್ಲ. ಮತ್ತೆ, ಕೊಟ್ಟ ಮೇಲೆ ಕೈ ತೆಗೆಯಿರಿ. ಹುಡುಗಿಯೊಬ್ಬಳು ಮಾಡಿದ ಪೋಸ್ಟರನ್ನು ಹಿರಿಯರು ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ತಿದ್ದಿದರೆ ಅವಳು ಮತ್ತೆ ಬರುವುದಿಲ್ಲ. ಕಾಗುಣಿತದ ತಪ್ಪಿದ್ದರೆ ಅವಳಿಗೊಬ್ಬಳಿಗೇ ಹೇಳಿ. ಬಣ್ಣ ಹಿಡಿಸದಿದ್ದರೆ ಬಿಟ್ಟುಬಿಡಿ.

ಸಮಿತಿ ಸಭೆಯಲ್ಲಿ ಅಧ್ಯಕ್ಷರು ಕೊನೆಯಲ್ಲಿ ಮಾತನಾಡಲಿ. ನಮ್ಮಲ್ಲಿ ಹಿರಿಯರು ಅಭಿಪ್ರಾಯ ಹೇಳಿದ ಮೇಲೆ ಎದುರು ಹೇಳುವುದು ಉದ್ಧಟತನ ಎನಿಸಿಕೊಳ್ಳುತ್ತದೆ, ಅಲ್ಲಿಗೆ ಚರ್ಚೆ ಮುಗಿಯಿತು. ವಿಷಯಪಟ್ಟಿ ಏಳು ದಿನ ಮೊದಲು, ನಡಾವಳಿ 48 ಗಂಟೆಯೊಳಗೆ. ನಡಾವಳಿಯಲ್ಲಿ ಭಾಷಣಗಳ ಸಾರಾಂಶ ಬೇಡ. ತೀರ್ಮಾನ, ಹೊಣೆ ಹೊತ್ತವರ ಹೆಸರು, ತಾರೀಕು ಇದ್ದರೆ ಸಾಕು.

ವೇದಿಕೆಯನ್ನೂ ನೋಡಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಐದು ಜನ ಗಣ್ಯರ ಎರಡು ಮಾತು. ಇಷ್ಟಾಗುವ ಹೊತ್ತಿಗೆ ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಭಾಷಣಕಾರರಿಗೆ ಉಳಿಯುವುದು ಅರ್ಧ ಗಂಟೆ. ಔಪಚಾರಿಕ ಭಾಗ 10 ನಿಮಿಷ ದಾಟದಿರಲಿ. ಪದಾಧಿಕಾರಿಗಳು ಕೆಳಗೆ ಸದಸ್ಯರ ನಡುವೆ ಕೂರಲಿ.

ಲೆಕ್ಕಪತ್ರ:

ಮೇಲಿನದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಸೇವೆ ಎಂದರೆ ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು ಎಂಬ ಅರ್ಥ ಬರಬಾರದು. ಪರಿಚಯದವರೆಂದು ಬಾಕಿ ಶುಲ್ಕ ಮನ್ನಾ ಮಾಡುವುದು, ಸಮಿತಿ ಸದಸ್ಯರ ಸಂಸ್ಥೆಗೇ ಮುದ್ರಣದ ಕೆಲಸ ಕೊಡುವುದು, ಇವೆಲ್ಲ ಉಳಿದ 599 ಜನರಿಗೆ ಮಾಡುವ ಅನ್ಯಾಯ. ಅಂಥ ವಿಷಯ ಬಂದಾಗ ಸಂಬಂಧಪಟ್ಟವರು ಮೊದಲೇ ತಿಳಿಸಿ ಹೊರಗೆ ಕೂರಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು.

ನಿಮ್ಮ ಆಜೀವ ಸದಸ್ಯತ್ವದ ಹಣ ಎಲ್ಲಿದೆ ನೋಡಿ. ಒಂದೇ ಸಲ ಬಂದ ಆ ಹಣವನ್ನು ಆ ವರ್ಷದ ಆದಾಯವೆಂದು ಖರ್ಚು ಮಾಡಿದ್ದರೆ, ಮುಂದಿನ 30 ವರ್ಷ ಅವರ ಸೇವೆಯ ವೆಚ್ಚ ವಾರ್ಷಿಕ ಶುಲ್ಕ ಕಟ್ಟುವ ಕಿರಿಯರ ಮೇಲೆ ಬೀಳುತ್ತದೆ. ಅಸಲನ್ನು ಠೇವಣಿಯಲ್ಲಿಟ್ಟು ಬಡ್ಡಿಯನ್ನಷ್ಟೇ ಬಳಸುವುದು ಸರಿಯಾದ ಕ್ರಮ. ಕಿರಿಯರ ಮುಂದೆ ಲೆಕ್ಕ ಬಿಚ್ಚಿಡಿ: ಅವರ ಶುಲ್ಕದ ಪ್ರತಿ ನೂರು ರೂಪಾಯಿಯಲ್ಲಿ ಬಾಡಿಗೆಗೆಷ್ಟು, ಊಟೋಪಚಾರಕ್ಕೆಷ್ಟು, ಕಲಿಕೆಗೆಷ್ಟು. ಮೂರು ತಿಂಗಳಿಗೊಮ್ಮೆ ಒಂದು ಪುಟ ಸಾಕು.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಣಿಯಾಗಿದ್ದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಆಗಲೇಬೇಕು. ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟರೆ ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸುವಾಗ, ಬೈಲಾ ತಿದ್ದುವಾಗ ತೊಂದರೆ ಒಟ್ಟಿಗೆ ಎದುರಾಗುತ್ತದೆ.

ಹೊಸ ಕಾರ್ಯದರ್ಶಿ:

ಬಹಳ ಉಪಕಾರವಾಯಿತು. ಇನ್ನೆರಡು ಸಂದೇಹ. ಮಾಜಿ ಅಧ್ಯಕ್ಷರು ಐವರಿದ್ದಾರೆ, ಎಲ್ಲ ವಿಷಯದಲ್ಲೂ ಅವರ ಮಾತು ನಡೆಯಬೇಕು. ಸದಸ್ಯರಂತೂ ರಾತ್ರಿ 11ಕ್ಕೂ ಕರೆ ಮಾಡುತ್ತಾರೆ, ಎತ್ತದಿದ್ದರೆ ಬೇಸರಪಡುತ್ತಾರೆ.

ಬಸವನಗುಡಿ ವಾಸಿ:

ಹಿರಿಯರನ್ನು ದೂರವಿಡಬೇಡಿ, ಅವರಿಗೆ ನಿರ್ದಿಷ್ಟ ಕೆಲಸ ಕೊಡಿ. ಒಬ್ಬೊಬ್ಬರಿಗೂ ಇಬ್ಬರು ಕಿರಿಯ ಸದಸ್ಯರನ್ನು ಜೋಡಿಸಿ, ಆರು ತಿಂಗಳು, ತಿಂಗಳಿಗೊಂದು ಭೇಟಿ. ಅವರಲ್ಲಿರುವ ಅನುಭವಕ್ಕೆ ಸಮಿತಿಯ ಜಗಳಕ್ಕಿಂತ ಅದು ಎಷ್ಟೋ ತಕ್ಕ ಜಾಗ. ಸಲಹೆ ಕೇಳುವಾಗ ‘ಸರ್, ಇದು ಸಲಹೆಗಾಗಿ, ತೀರ್ಮಾನ ಸಮಿತಿಯದು’ ಎಂದು ಮೊದಲೇ ವಿನಯದಿಂದ ಹೇಳಿಬಿಡಿ.

ಕರೆಗಳಿಗೆ ಒಂದು ಕ್ರಮ ಪ್ರಕಟಿಸಿ: ಸಂಘದ್ದೇ ಆದ ಒಂದು ನಂಬರ್, ಎರಡು ಕೆಲಸದ ದಿನದೊಳಗೆ ಉತ್ತರ, ಅದನ್ನು ನೋಡಿಕೊಳ್ಳಲು ತಿಂಗಳಿಗೊಬ್ಬ ಸಮಿತಿ ಸದಸ್ಯ. ಕಚೇರಿಯಲ್ಲಿ ಸಂಬಳದ ಸಹಾಯಕರಿದ್ದರೆ ಅವರಿಗೆ ಕೆಲಸ ಹೇಳುವವರು ಒಬ್ಬರೇ ಇರಲಿ. 12 ಜನ 12 ಬಗೆಯ ಆಜ್ಞೆ ಮಾಡುತ್ತ ಸೇವಾ ನಾಯಕತ್ವದ ಮಾತಾಡಿದರೆ ಮೊದಲು ನೋಯುವುದು ಆ ಜೀವ.

ಯಲಹಂಕ ಎಂಜಿನಿಯರ್:

ಒಂದು ಬಿಟ್ಟುಹೋಗಿತ್ತು. ವಾರದ ದಿನ ಸಂಜೆ ಆರಕ್ಕೆ ನಗರದ ಮಧ್ಯದಲ್ಲಿ ಉಪನ್ಯಾಸ ಇಟ್ಟರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಕಿರಿಯರು ಬರಲು ಸಾಧ್ಯವೇ ಇಲ್ಲ. ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಮೆಟ್ರೊ ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರ ಇಡಿ. ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೂ ಇದೆ, ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋಗುತ್ತದೆ. ಯಲಹಂಕದ ಕಡೆಯವರಿಗೆ ಮೆಟ್ರೊ ಇಲ್ಲ, ಹಾಗಾಗಿ ಮೂರು ತಿಂಗಳಿಗೊಮ್ಮೆ ಸಭೆಯೇ ಈ ಕಡೆಗೆ ಬರಲಿ.

ಲೆಕ್ಕಪತ್ರ:

ಅವಧಿ ಮುಗಿಯುವ 60 ದಿನ ಮೊದಲು ಹಸ್ತಾಂತರದ ಪಟ್ಟಿ ಶುರು ಮಾಡಿ: ನೋಂದಣಿ ಪತ್ರ, ಬೈಲಾದ ದೃಢೀಕೃತ ಪ್ರತಿ, ಪ್ಯಾನ್, ಠೇವಣಿ ರಸೀದಿಗಳು, ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ವೆಬ್‌ಸೈಟಿನ ಡೊಮೇನ್, ಇಮೇಲ್ ಪಾಸ್‌ವರ್ಡ್, ವಾಟ್ಸಾಪ್ ಗುಂಪಿನ ಅಡ್ಮಿನ್. ಡೊಮೇನ್ ಯಾರದೋ ಸ್ವಂತ ಖಾತೆಯಲ್ಲಿದ್ದರೆ ಇವತ್ತೇ ಸಂಘದ ಹೆಸರಿಗೆ ವರ್ಗಾಯಿಸಿ. ಅವರು ನವೀಕರಿಸಲು ಮರೆತರೆ ವೆಬ್‌ಸೈಟೂ ಇಮೇಲೂ ಒಂದೇ ದಿನ ನಿಲ್ಲುತ್ತವೆ.