ಪದ್ಮಿನಿಯ ಮುಂದಿನ ಗಾಜು: ಹೊಸ ಬೀಡಿಂಗ್ ಹಾಕಿಸಿದರೂ ನೀರು ಒಳಗೆ

ಕುವೆಂಪುನಗರ, ಮೈಸೂರು:
ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1986ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಹೋದ ತಿಂಗಳು ಮುಂದಿನ ಗಾಜಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿಸಿದೆ. ಹಾಕಿದವರು ಹೊರಗಡೆ ಸುತ್ತಲೂ ಸಿಲಿಕಾನ್ ಬಳಿದು ಕೊಟ್ಟರು. ಮೊನ್ನೆ ಚಾಮುಂಡಿ ಬೆಟ್ಟ ಇಳಿಯುವಾಗ ಜೋರು ಮಳೆ, ಕೆಳಗೆ ಬರುವಷ್ಟರಲ್ಲಿ ಗಾಜಿನ ಎಡಮೂಲೆಯಿಂದ ನೀರು ಇಳಿದು ಪಕ್ಕದಲ್ಲಿ ಕೂತಿದ್ದ ಅಮ್ಮನ ಸೀರೆ ಅಂಚೆಲ್ಲ ಒದ್ದೆ. ಮೇಲೆ ಇನ್ನೊಂದು ಸಲ ಸಿಲಿಕಾನ್ ಬಳಿದರೆ ನಿಲ್ಲುತ್ತದಾ, ಇಲ್ಲಾ ಗಾಜು ತೆಗೆಯಲೇಬೇಕಾ?

ಮಂಡ್ಯ:
ಸಿಲಿಕಾನ್ ಬೇಡವೇ ಬೇಡ ಸರ್. ಬಳಿದಾಗ ವಿನೆಗರ್ ವಾಸನೆ ಬಂದಿತ್ತಾ? ಬಂದಿದ್ದರೆ ಅದು ಒಣಗುವಾಗ ಆಮ್ಲ ಬಿಡುವ ಜಾತಿ, ತಗಡಿಗೆ ತುಕ್ಕು ಹಿಡಿಸುತ್ತದೆ. ಹೊರಗೆ ಮುಚ್ಚಿಬಿಟ್ಟರೆ ಎಲ್ಲಿಂದಲೋ ನುಗ್ಗಿದ ನೀರು ರಬ್ಬರ್ ಕೆಳಗೇ ನಿಂತುಬಿಡುತ್ತದೆ. ಗಾಜು ತೆಗೆದು, ರಬ್ಬರ್ ಕೂರುವ ತಗಡಿನ ಅಂಚು ನೋಡಿ. ನನ್ನ ಅಂಬಾಸಿಡರ್‌ನಲ್ಲಿ ಪೇಂಟ್ ಮೇಲಿಂದ ಚೆನ್ನಾಗೇ ಇತ್ತು. ಸ್ಕ್ರೂಡ್ರೈವರ್ ತುದಿ ತಾಗಿಸಿದೆ ಅಷ್ಟೇ, ನಾಲ್ಕು ಬೆರಳಗಲ ತಗಡು ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ತುಕ್ಕು ಕೆರೆಸಿ, ಬೇಕಾದ ಕಡೆ ಹೊಸ ತಗಡು ವೆಲ್ಡ್ ಮಾಡಿಸಿ, ಪ್ರೈಮರ್, ಪೇಂಟ್ ಪೂರ್ತಿ ಒಣಗಿದ ಮೇಲೇ ಗಾಜು ಕೂರಿಸಿ. ಆತುರ ಮಾಡಬೇಡಿ.

ಬನ್ನಿಮಂಟಪ, ಮೈಸೂರು:
ಮೇಲಿನವರು ಹೇಳಿದ್ದು ಸರಿ. ಕೂರಿಸುವ ಕ್ರಮ ನಾನು ಹೇಳುತ್ತೇನೆ, ಇದು ಇಬ್ಬರ ಕೆಲಸ. ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಮೊದಲು ಅದನ್ನು ಗಾಜಿಗೆ ಹಾಕಿ. ಆಮೇಲೆ ತಗಡು ಕೂರುವ ಸಂದಿಯೊಳಗೆ ತೆಳು ನೈಲಾನ್ ಹಗ್ಗ ಸುತ್ತಲೂ ಇಟ್ಟು, ಎರಡು ತುದಿಗಳನ್ನು ಕೆಳಗಡೆ ನಡುವೆ ಒಂದು ಗೇಣು ಒಂದರ ಮೇಲೊಂದು ದಾಟಿಸಿ ಕಾರಿನ ಒಳಕ್ಕೆ ಬಿಡಿ. ಅಂಚಿಗೆಲ್ಲ ಸೋಪು ನೀರು ಸವರಿ. ಹೊರಗಿನವರು ಅಂಗೈಯಲ್ಲಿ ಗಾಜು ಒತ್ತುತ್ತಿರಬೇಕು, ಒಳಗಿನವರು ಅದೇ ಜಾಗದಲ್ಲಿ ಹಗ್ಗ ಎಳೆಯುತ್ತಾ ಹೋಗಬೇಕು. ರಬ್ಬರಿನ ತುಟಿ ತಗಡಿನ ಮೇಲೆ ಹೊರಳಿ ಕೂರುವುದು ಕಣ್ಣಿಗೇ ಕಾಣುತ್ತದೆ. ಗುದ್ದಬೇಡಿ, ಲ್ಯಾಮಿನೇಟೆಡ್ ಗಾಜಾದರೆ (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು) ಸ್ವಲ್ಪ ಬಾಗಿದರೂ ಬಿರುಕು ಬಿಡುತ್ತದೆ.

ಸೋಪು ನೀರು ಆರಿದ ಮೇಲೆ ಸೀಲೆಂಟ್. ಗಟ್ಟಿಯಾಗದೆ ಅಂಟಂಟಾಗೇ ಇರುವ ವಿಂಡ್‌ಶೀಲ್ಡ್ ಸೀಲೆಂಟ್ ಕೇಳಿ ತನ್ನಿ. ಮರದ ಚಪ್ಪಟೆ ಕಡ್ಡಿಯಿಂದ ತುಟಿ ಎತ್ತಿ, ಗಾಜು ಮತ್ತು ರಬ್ಬರ್ ನಡುವೆ ಒಂದು ಸುತ್ತು, ರಬ್ಬರ್ ಮತ್ತು ತಗಡಿನ ನಡುವೆ ಇನ್ನೊಂದು ಸುತ್ತು.

ಶ್ರೀರಂಗಪಟ್ಟಣ:
ಗಾಜು ತೆಗೆಯುವ ಮುಂಚೆ ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟು ನೋಡಿ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಒಳಗೆ ಒಬ್ಬರು ಟಾರ್ಚ್ ಹಿಡಿದಿರಲಿ. ವೈಪರ್ ಬುಡದಿಂದ ಬರುವ ನೀರು ಕೂಡ ಗಾಜಿನಿಂದಲೇ ಬಂದ ಹಾಗೆ ಕಾಣುತ್ತದೆ ಅಲ್ವಾ.

ಕುವೆಂಪುನಗರ, ಮೈಸೂರು:
ನೀರು ಬಿಟ್ಟು ನೋಡಿದೆ, ವೈಪರ್ ಸರಿ ಇದೆ. ಇವತ್ತು ಗಾಜು ತೆಗೆದೆವು. ಎಡಮೂಲೆಯಲ್ಲಿ ಬೆಂಕಿಕಡ್ಡಿ ತೂರುವಷ್ಟು ತೂತು, ಸುತ್ತ ಎಲ್ಲ ತುಕ್ಕು. ಗಾಡಿ ಟಿಂಕರಿಂಗ್‌ಗೆ ಬಿಟ್ಟಿದ್ದೇನೆ. ಗಾಜನ್ನು ಹಾಸಿಗೆ ಮೇಲೆ ಕಂಬಳಿ ಹಾಸಿ ಮಲಗಿಸಿದ್ದೇನೆ. ಹಗ್ಗ ಎಳೆಯುವುದಕ್ಕೆ ತಮ್ಮ ಭಾನುವಾರ ಬರುತ್ತಾನೆ.