ಈಮ್ಯಾಕ್ಸ್ ಎಡಿಟರ್‌ನಲ್ಲಿ ರಿಮೋಟ್ ಫೈಲ್ ಸೇವ್ ಮಾಡೋವಾಗ ಫ್ರೀಜ್ ಆಗ್ತಿದೆ, ಟೈಮೌಟ್ ಇಳಿಸಿದ್ರೂ ಸರಿಹೋಗ್ತಿಲ್ಲ

ಹಳ್ಳಿಕೋಡರ್:
ಎಲ್ರಿಗೂ ನಮಸ್ಕಾರ. ಊರಿಂದ್ಲೇ ಕೆಲಸ ಮಾಡ್ತೀನಿ, ಫೈಲೆಲ್ಲ ಆಫೀಸಿನ ಲಿನಕ್ಸ್ ಸರ್ವರಲ್ಲಿದೆ, ಟ್ರ್ಯಾಂಪ್‌ನಲ್ಲಿ (ಈಮ್ಯಾಕ್ಸ್ ಒಳಗಿಂದ್ಲೇ ಬೇರೆ ಮಷೀನಿನ ಫೈಲ್ ತೆಗೆಯೋ ಸೌಲಭ್ಯ) ಎಸ್ಎಸ್ಎಚ್ ಅನ್ನೋ ಸುರಕ್ಷಿತ ರಿಮೋಟ್ ಕನೆಕ್ಷನ್ ಮೂಲಕ ಓಪನ್ ಮಾಡ್ಕೊತೀನಿ. ಕೂತು ಕೆಲಸ ಮಾಡ್ತಿದ್ದಷ್ಟು ಹೊತ್ತು ಏನೂ ತೊಂದ್ರೆ ಇಲ್ಲ. ಊಟಕ್ಕೆ ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದು ಎರಡು ಸಾಲು ಬರೆದು ಸೇವ್ ಕೊಟ್ರೆ ಇಡೀ ಈಮ್ಯಾಕ್ಸ್ ಕಲ್ಲಿನ ಥರ ಕೂತ್ಬಿಡತ್ತೆ, ಲೋಕಲ್ ಫೈಲ್‌ಗೂ ಹೋಗಕ್ಕಾಗಲ್ಲ, ನಡೀತಿರೋ ಕೆಲಸ ನಿಲ್ಸೋ ಕಂಟ್ರೋಲ್ ಜಿ ಹತ್ತು ಸಲ ಒತ್ತಿದ್ರೆ ಒಂದೊಂದ್ಸಲ ಬಿಡತ್ತೆ ಒಂದೊಂದ್ಸಲ ಅದೂ ಇಲ್ಲ. ಟ್ರ್ಯಾಂಪ್ ಕನೆಕ್ಷನ್ ಟೈಮೌಟ್ 60 ಸೆಕೆಂಡ್ ಇತ್ತು, 10ಕ್ಕೆ ಇಳಿಸ್ದೆ, ಏನೂ ವ್ಯತ್ಯಾಸ ಆಗ್ಲಿಲ್ಲ. ನಿನ್ನೆ ಬೇರೆ ದಾರಿ ಕಾಣದೆ ಕಿಲ್ ಮಾಡ್ದೆ, ಒಂದು ಗಂಟೆ ಕೆಲಸ ಹೋಯ್ತು, ತುಂಬಾ ಬೇಜಾರಾಗಿದೆ. ಯಾರಾದ್ರೂ ದಾರಿ ತೋರ್ಸಿ.

ಬ್ಯಾಕೆಂಡ್_ಮನುಷ್ಯ:
ಸರ್, ನೀವು ಇಳಿಸಿದ ಆ ಟೈಮೌಟು ಕನೆಕ್ಷನ್ ಹೊಸದಾಗಿ ಶುರುವಾಗೋವಾಗ ಎಷ್ಟು ಹೊತ್ತು ಕಾಯ್ಬೇಕು ಅನ್ನೋದಕ್ಕೆ ಮಾತ್ರ. ನಿಮ್ಮದು ಈಗಾಗ್ಲೇ ಇದ್ದ ಕನೆಕ್ಷನ್ ನಡುವೆ ಸತ್ತಿರೋದು. ನೀವು ಊಟಕ್ಕೆ ಹೋದಾಗ ಲೈನಲ್ಲಿ ಒಂದು ಪ್ಯಾಕೆಟ್ಟೂ ಓಡಾಡಲ್ಲ, ಮಧ್ಯದಲ್ಲಿರೋ ರೌಟರ್ರೋ ಫೈರ್‌ವಾಲೋ ಆ ಕನೆಕ್ಷನ್ನನ್ನ ತನ್ನ ಟೇಬಲ್ಲಿಂದ ತೆಗೆದುಹಾಕತ್ತೆ, ಆದ್ರೆ ಅದನ್ನ ನಿಮ್ಮ ಕಡೆಯ ಎಸ್ಎಸ್ಎಚ್‌ಗೆ ಯಾರೂ ಹೇಳಲ್ಲ. ನೀವು ಸೇವ್ ಕೊಟ್ಟಾಗ ಅದು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸ್ತಾ ಇರತ್ತೆ, ಲಿನಕ್ಸ್ ಡೀಫಾಲ್ಟಲ್ಲಿ ಸುಮಾರು 15 ನಿಮಿಷ ಆದ್ಮೇಲೇ ಕೈಬಿಡೋದು, ಅಷ್ಟು ಹೊತ್ತೂ ಈಮ್ಯಾಕ್ಸ್ ಉತ್ತರಕ್ಕೆ ಕಾಯ್ತಾ ಕೂತಿರತ್ತೆ. ಸುಮ್ನಿರೋ ಕನೆಕ್ಷನ್ ಬದುಕಿದೆಯಾ ಅಂತ ಸಿಸ್ಟಮ್ಮೇ ನೋಡೋ ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ ಅನ್ಬಹುದು, ಅದು ಲಿನಕ್ಸಲ್ಲಿ ಮೊದಲ ಸಲ ತಟ್ಟಿ ನೋಡೋದೇ 7200 ಸೆಕೆಂಡ್, ಅಂದ್ರೆ ಎರಡು ಗಂಟೆ ಆದ್ಮೇಲೆ, ಇಲ್ಲಿ ಉಪಯೋಗಕ್ಕೆ ಬರಲ್ಲ.

ಎಸ್ಎಸ್ಎಚ್ ಕಾನ್ಫಿಗ್ ಫೈಲಲ್ಲಿ ಆ ಸರ್ವರ್ ಹೆಸರಿನ ಕೆಳಗೆ ಸರ್ವರ್‌ಅಲೈವ್‌ಇಂಟರ್ವಲ್ 15, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3 ಅಂತ ಹಾಕಿ. ಮೊದಲನೇದು ಡೀಫಾಲ್ಟಲ್ಲಿ 0, ಅಂದ್ರೆ ಆಫ್. ಇದ್ರಿಂದ 15 ಸೆಕೆಂಡಿಗೊಂದು ಸಲ ಸಣ್ಣ ಮೆಸೇಜ್ ಹೋಗ್ತಾ ಇರತ್ತೆ, ರೌಟರ್ ಮರೆಯೋದೂ ತಪ್ಪತ್ತೆ, ನಿಜವಾಗ್ಲೂ ನೆಟ್ ಹೋದ್ರೆ 45 ಸೆಕೆಂಡಲ್ಲಿ ಎಸ್ಎಸ್ಎಚ್ ತಾನೇ ಮುಚ್ಕೊಳತ್ತೆ, ಆಮೇಲೆ ಇನ್ನೊಂದ್ಸಲ ಸೇವ್ ಕೊಟ್ರೆ ಟ್ರ್ಯಾಂಪ್ ಹೊಸ ಕನೆಕ್ಷನ್ ಮಾಡ್ಕೊಳತ್ತೆ. ನೀವು ಬರೆದಿದ್ದು ಈಮ್ಯಾಕ್ಸ್‌ನ ಬಫರಲ್ಲೇ, ಅಂದ್ರೆ ಮೆಮೊರಿಯಲ್ಲೇ ಇರತ್ತೆ, ಹೆದರ್ಬೇಡಿ.

ತುಂಗಾತೀರ:
ಮೇಲಿನವ್ರು ಹೇಳಿದ್ದು ಸರಿ. ಆದ್ರೆ ಮೊದ್ಲು ಒಂದು ಮಾತು, ನಿನ್ನೆಯಿಂದ ಮಷೀನ್ ರೀಸ್ಟಾರ್ಟ್ ಮಾಡಿಲ್ಲ ಅಂದ್ರೆ ಈಗ್ಲೂ ಮಾಡ್ಬೇಡಿ! ರಿಮೋಟ್ ಫೈಲ್‌ನ ಆಟೋಸೇವ್ ಕಾಪಿ ಸಾಮಾನ್ಯವಾಗಿ ನಿಮ್ಮ ಮಷೀನಿನ ಟೆಂಪ್ ಫೋಲ್ಡರಲ್ಲೇ ಬೀಳತ್ತೆ, ರೀಸ್ಟಾರ್ಟ್ ಆದ್ರೆ ಆ ಫೋಲ್ಡರ್ ಖಾಲಿಯಾಗ್ಬಹುದು. ಹೆಸರಿನ ಹಿಂದೆ ಮುಂದೆ ಹ್ಯಾಷ್ (#) ಗುರುತು ಇರತ್ತೆ, ಹುಡುಕಿ ನೋಡಿ. ಮುಂದಕ್ಕೆ ಟ್ರ್ಯಾಂಪ್ ಆಟೋಸೇವ್ ಡೈರೆಕ್ಟರಿ ಅನ್ನೋ ಸೆಟ್ಟಿಂಗಲ್ಲಿ ಹೋಮ್ ಫೋಲ್ಡರ್ ಒಳಗಿನ ಒಂದು ಜಾಗ ಕೊಟ್ಬಿಡಿ, ಟೆಂಪ್‌ನ ನಂಬ್ಕೊಂಡು ಇರ್ಬೇಡಿ.

ಮತ್ತೆ ಫ್ರೀಜ್ ಆದ್ರೆ ಕಿಲ್ ಮಾಡೋದು ಈಮ್ಯಾಕ್ಸ್‌ನ ಅಲ್ಲ, ಬೇರೆ ಟರ್ಮಿನಲ್ ತೆಗೆದು ಆ ಎಸ್ಎಸ್ಎಚ್ ಪ್ರೋಸೆಸ್ ಒಂದನ್ನೇ ಕಿಲ್ ಮಾಡಿ, ಈಮ್ಯಾಕ್ಸ್ ಬಿಡಿಸ್ಕೊಳತ್ತೆ.

ಹಳ್ಳಿಕೋಡರ್:
ಅಣ್ಣ ಸಿಕ್ತು!! ಟೆಂಪ್ ಒಳಗೇ ಇತ್ತು, ಕೊನೇ ನಾಕೈದು ಸಾಲು ಬಿಟ್ರೆ ಪೂರ್ತಿ ವಾಪಸ್ ಬಂತು, ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಅಲೈವ್ ಸೆಟ್ಟಿಂಗೂ ಹಾಕಿ, ಬೇಕಂತ್ಲೇ ಒಂದು ಗಂಟೆ ಬಿಟ್ಟು ಸೇವ್ ಕೊಟ್ಟೆ, ತಕ್ಷಣ ಆಯ್ತು. ಆಮೇಲೆ ರೌಟರ್ ಆಫ್ ಮಾಡಿ ನೋಡ್ದೆ, ಮುಕ್ಕಾಲು ನಿಮಿಷ ಕಾಯಿಸಿ ಎರರ್ ಕೊಟ್ಟು ಬಿಟ್ಕೊಡ್ತು. ಫೈಲ್ ಓಪನ್ ಆಗೋದು ಮಾತ್ರ ಈಗ್ಲೂ ನಿಧಾನ.

ತುಂಗಾತೀರ:
ಅದು ಬೇರೆ ವಿಷ್ಯ. ಪ್ರತಿ ಫೈಲ್ ತೆಗೆದಾಗ್ಲೂ ಈಮ್ಯಾಕ್ಸ್ ಅಲ್ಲಿ ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡೋ ವ್ಯವಸ್ಥೆ) ಇದೆಯಾ ಅಂತ ಒಂದೊಂದೇ ಮೇಲಿನ ಫೋಲ್ಡರ್ ಹುಡುಕ್ತಾ ಹೋಗತ್ತೆ, ಒಂದೊಂದಕ್ಕೂ ಸರ್ವರ್‌ಗೆ ಹೋಗಿ ಬರ್ಬೇಕು. ಯಾವ ಫೋಲ್ಡರಲ್ಲಿ ಹೀಗೆ ಹುಡುಕ್ಬಾರ್ದು ಅಂತ ಹೇಳೋ ವಿಸಿ ಇಗ್ನೋರ್ ಡಿರ್ ರೆಜೆಕ್ಸ್ ಅನ್ನೋ ಸೆಟ್ಟಿಂಗ್‌ಗೆ ಟ್ರ್ಯಾಂಪ್‌ನ ಫೈಲ್‌ನೇಮ್ ಪ್ಯಾಟರ್ನ್ ಸೇರಿಸಿ, ರಿಮೋಟ್ ಫೈಲ್‌ಗೆ ಮಾತ್ರ ಆ ಹುಡುಕಾಟ ನಿಲ್ಲತ್ತೆ.