ಬೆರಳಿನ ತುದಿ ಹೋದ ಮೇಲೂ ಗಿಟಾರ್ ನುಡಿಸಬಹುದಾ?

ಪೀಣ್ಯ_ಅಣ್ಣ: ನನ್ನ ತಮ್ಮ ಪೀಣ್ಯದಲ್ಲಿ ಪ್ರೆಸ್ ಮಷೀನ್ ಕೆಲಸಕ್ಕೆ ಹೋಗುತ್ತಾನೆ. ಎಡಗೈ ಉಂಗುರ ಬೆರಳಿನ ತುದಿ ಮಷೀನಿಗೆ ಸಿಕ್ಕಿ ಹೋಯಿತು. ಗಿಟಾರ್ ಅಂದ್ರೆ ಅವನಿಗೆ ಪ್ರಾಣ, ಈಗ ಮುಟ್ಟುತ್ತಲೇ ಇಲ್ಲ. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿಗೂ ಹೀಗೇ ಆಗಿತ್ತಂತೆ. ಗೊತ್ತಿರೋರು ಸ್ವಲ್ಪ ಹೇಳಿ.

ತಂತಿಮೀಟು: ಹೌದು ಸರ್. ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ, 17ನೇ ವಯಸ್ಸಿನಲ್ಲಿ, ಅದೂ ಕೆಲಸದ ಕೊನೆಯ ದಿನ. ಅವರು ಎಡಚರು, ಹಾಗಾಗಿ ತಂತಿ ಒತ್ತುವುದು ಬಲಗೈ, ಆ ಕೈಯದ್ದೇ ಎರಡು ಬೆರಳ ತುದಿ ಹೋಯಿತು. ಇನ್ನು ನುಡಿಸೋಕಾಗಲ್ಲ ಅಂತ ಕೂತಿದ್ದಾಗ ಫೋರ್‌ಮನ್ ಬಂದು ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟ ಮೇಲೆ ಎರಡೇ ಬೆರಳಲ್ಲಿ ಸೋಲೋ ನುಡಿಸಿದ ಜಾಝ್ ಕಲಾವಿದ ಅವರು! ಆಮೇಲೆ ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿ ನುಡಿಸಿದರು. ಆ ಫೋರ್‌ಮನ್‌ಗೆ ದೊಡ್ಡ ನಮಸ್ಕಾರ.

ಬಸವನಗುಡಿ_ಬೇಸ್: ಅಯೋಮಿ ಗಿಟಾರ್‌ಗೆ ತೆಳು ತಂತಿ ಹಾಕಿದರು, 1971ರ ಹೊತ್ತಿಗೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾಗಿ ಬೆರಳಿಗೆ ನೋವು ಕಡಿಮೆ. ದನಿಯೂ ದಪ್ಪವಾಯಿತು. 2011ರಲ್ಲಿ ಅರಮನೆ ಮೈದಾನಕ್ಕೆ ಮೆಟಾಲಿಕಾ ಅನ್ನೋ ಮೆಟಲ್ ಬ್ಯಾಂಡ್ ಬಂದಿತ್ತಲ್ವಾ, ಅವರೆಲ್ಲ ಅಯೋಮಿಯ ಈ ದಪ್ಪ ದನಿಯ ದಾರಿಯಲ್ಲಿ ಬಂದವರು. ತಮ್ಮನಿಗೂ ತೆಳು ತಂತಿ ಹಾಕಿಸಿಕೊಡಿ, ಆದರೆ ಗಾಯ ಪೂರ್ತಿ ಒಣಗಲಿ, ಡಾಕ್ಟರನ್ನು ಕೇಳಿಯೇ ಶುರು ಮಾಡಲಿ.

ಪೀಣ್ಯ_ಅಣ್ಣ: ತುಂಬಾ ಥ್ಯಾಂಕ್ಸ್. ಇವತ್ತೇ ಓದಿ ಹೇಳ್ತೀನಿ ಅವನಿಗೆ.

ತಂತಿಮೀಟು: ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಕೆಲಸದಲ್ಲಾದ ಗಾಯಕ್ಕೆ ಪರಿಹಾರವೂ ಇದೆ. ಸುಮ್ನೆ ಬಿಡಬೇಡಿ, ಅರ್ಜಿ ಹಾಕಿ.